ಲಾಟೀನಿನ ಬೆಳಕಲ್ಲಿ ಮೂರು ರಾತ್ರಿ: ಕಡಿಮೆ ದುಡ್ಡಿನಲ್ಲಿ ಹಳೇ ಕಾಲದ ಹಾರರ್ ಕಿರುಚಿತ್ರ ಮಾಡೋದು ಹೇಗೆ

ಹಳೇ ಕಾಲದ ಹಾರರ್ ಕಥೆ ಮಾಡ್ತೀನಿ, ದುಡ್ಡಿಲ್ಲ, ಕೆಲಸಕ್ಕೆ ಬರೋರೆಲ್ಲ ಸ್ನೇಹಿತರು ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ. "ಪೀರಿಯಡ್ ಗೀರಿಯಡ್ ಬಿಡು, ಈಗಿನ ಕಥೆ ಮಾಡು." ನಾನು ಇದನ್ನು ಒಪ್ಪುವುದಿಲ್ಲ. ಹಳೇ ಕಾಲವನ್ನು ಕಟ್ಟಿ ನಿಲ್ಲಿಸೋದು ದುಬಾರಿ, ನಿಜ. ಆದರೆ ಈಗಿನ ಕಾಲವನ್ನು ಫ್ರೇಮಿನಿಂದ ಆಚೆ ಇಡೋದಕ್ಕೆ ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಭಯವೂ ಹಾಗೇ. ಎಷ್ಟು ಕಡಿಮೆ ತೋರಿಸುತ್ತೀರೋ ಅಷ್ಟು ಜಾಸ್ತಿ ಕೆಲಸ ಮಾಡುತ್ತದೆ. ಹಾಗಾಗಿ ಈ ಎರಡೂ ಬಡ ತಂಡಕ್ಕೆ ಹೇಳಿ ಮಾಡಿಸಿದ ಜೋಡಿ.

ಸಾಗರ ಕಡೆಯ ಒಂದು ಹಳೇ ಮನೆಯಲ್ಲಿ ಒಂಬತ್ತು ಜನ ಸೇರಿ ಮೂರು ರಾತ್ರಿಯಲ್ಲಿ ಹತ್ತು ನಿಮಿಷದ ಚಿತ್ರ ಮುಗಿಸಿದ್ದೆವು. ಆಗ ಕಲಿತದ್ದನ್ನು ಕೆಲಸದ ಕ್ರಮದಲ್ಲೇ ಬರೆಯುತ್ತೇನೆ.

1. ಖಾಲಿ ಮನೆಗೆ ಕಾರಣ ಇರುವ ಕಥೆ ಹುಡುಕಿ

ಮದುವೆ ಮನೆ, ಸಂತೆ, ಅರಮನೆ ಬರೆದಿರಿ ಅಂದರೆ ಅಲ್ಲಿಗೆ ಮುಗಿಯಿತು. ನಲವತ್ತು ಜನರಿಗೆ ಬಟ್ಟೆ ಎಲ್ಲಿಂದ ತರ್ತೀರಿ? ಕಾಲವನ್ನು ಆರಿಸುವಾಗಲೇ ಜನ ಮತ್ತು ಸಾಮಾನು ಕಡಿಮೆ ಇರುವ ಸಂದರ್ಭ ಆರಿಸಿ.

ನಾವು ಆರಿಸಿದ್ದು 1963. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮುಂಚೆ ಮುಳುಗಡೆ ಊರುಗಳ ಜನ ಮನೆ ಖಾಲಿ ಮಾಡಿ ಹೊರಟಿದ್ದರು. ಕಥೆ ಇಷ್ಟೇ: ಉಳಿದ ಮನೆಗಳ ಲೆಕ್ಕ ಬರೆಯಲು ಒಬ್ಬ ಗುಮಾಸ್ತ ಬರುತ್ತಾನೆ. ಎಲ್ಲರೂ ಹೋಗಿದ್ದಾರೆ ಅಂತ ಕಡತದಲ್ಲಿ ಬರೆದಿರುವ ಮನೆಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಒಬ್ಬ ಅಜ್ಜಿ. ರಾತ್ರಿ ನೆಲದ ಕೆಳಗೆ ನೀರಿನ ಸದ್ದು ಶುರುವಾಗುತ್ತದೆ.

ಇದರ ಲಾಭ ನೋಡಿ. ಮನೆ ಖಾಲಿ ಇರಲೇಬೇಕು, ಆದ್ದರಿಂದ ಸಾಮಾನು ಹೊಂದಿಸುವ ಕೆಲಸ ಇಲ್ಲ. ಊರಿಗೆ ಕರೆಂಟ್ ಇಲ್ಲ, ಆದ್ದರಿಂದ ಕತ್ತಲೆಗೆ ಕಾರಣ ಹೇಳಬೇಕಿಲ್ಲ. ನಟರು ಇಬ್ಬರೇ. ನೀರು ಬರುತ್ತದೆ, ಆದರೆ ಕೊನೆವರೆಗೂ ಕಾಣುವುದಿಲ್ಲ.

ಇಲ್ಲಿ ಒಂದು ಮಾತು ಮನಸ್ಸಿನಿಂದ ಹೇಳಬೇಕು. ಮುಳುಗಡೆ ಆದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಅದೇ ಜಿಲ್ಲೆಯಲ್ಲಿದ್ದಾರೆ. ಜಮೀನಿನ ಹಕ್ಕಿನ ತಕರಾರು ಇನ್ನೂ ಮುಗಿದಿಲ್ಲ. ಅಂಥವರ ನೋವನ್ನು ಸುಮ್ನೆ ಹೆದರಿಸೋದಕ್ಕೆ ಬಳಸಬೇಡಿ. ನಮ್ಮ ಮೊದಲ ಕರಡಿನಲ್ಲಿ ಅಜ್ಜಿಯೇ ದೆವ್ವ ಆಗಿದ್ದಳು. ಆ ದಿನಗಳನ್ನು ಕಂಡ ಇಬ್ಬರು ಹಿರಿಯರ ಜೊತೆ ಮಾತಾಡಿ ಬಂದ ಮೇಲೆ ಅದನ್ನು ಹರಿದು ಹಾಕಿದೆವು. ಭಯ ನೀರಿನದು ಆಗಬೇಕು, ಅಜ್ಜಿಯದು ಅಲ್ಲ ಅಂತ ಆಮೇಲೆ ತೀರ್ಮಾನ ಆಯಿತು. ಚಿತ್ರವೂ ಅದರಿಂದಲೇ ಗಟ್ಟಿಯಾಯಿತು. ನಿಮ್ಮ ಕಥೆ ಪ್ಲೇಗಿನದಾಗಲಿ, ಬರಗಾಲದ್ದಾಗಲಿ, ಅದನ್ನು ಕಂಡವರೋ ಕೇಳಿದವರೋ ಇದ್ದರೆ ಮೊದಲು ಅವರ ಹತ್ತಿರ ಹೋಗಿ.

2. ಶಾಟ್ ಲೆಕ್ಕ ಹಾಕಿ, ಆಮೇಲೆ ರಾತ್ರಿ ಲೆಕ್ಕ

ಹತ್ತು ನಿಮಿಷಕ್ಕೆ ನಾವು 45 ಶಾಟ್ ಬರೆದೆವು. ಮೂರು ರಾತ್ರಿ ಅಂದರೆ ರಾತ್ರಿಗೆ 15. ದೀಪದ ಬೆಳಕಲ್ಲಿ ಒಂದು ಶಾಟ್ ಹೊಂದಿಸಿ ಮುಗಿಸೋದಕ್ಕೆ 25 ನಿಮಿಷ ಬೇಕೇ ಬೇಕು. ಸಂಜೆ 6ರಿಂದ ರಾತ್ರಿ 1ರವರೆಗೆ 7 ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ ಕಳೆದರೆ ಉಳಿಯೋದು 375 ನಿಮಿಷ. ಸರಿಯಾಗಿ 15 ಶಾಟ್. ಒಂದೂ ಹೆಚ್ಚಿಗೆ ಆಗುವುದಿಲ್ಲ.

ಈ ಲೆಕ್ಕ ಬರೆದು ಗೋಡೆಗೆ ಅಂಟಿಸಿ. 15ರ ಬದಲು 22 ಅಂತ ಬಂದರೆ ಚಿತ್ರಕಥೆಯಿಂದ ತೆಗೆಯಿರಿ, ಜನರ ನಿದ್ದೆಯಿಂದ ತೆಗೆಯಬೇಡಿ. ಹಾರರ್‌ನಲ್ಲಿ ಉದ್ದ ಶಾಟ್ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಅಲುಗಾಡದೆ ನಿಂತು, ಅರೆ ತೆರೆದ ಬಾಗಿಲನ್ನು 20 ಸೆಕೆಂಡ್ ನೋಡುತ್ತಿದ್ದರೆ ಪ್ರೇಕ್ಷಕ ಕತ್ತಲೆಯಲ್ಲಿ ತಾನೇ ಏನನ್ನೋ ಹುಡುಕೋಕೆ ಶುರು ಮಾಡುತ್ತಾನೆ.

3. ಮನೆ, ಮನೆಯವರು, ಅನುಮತಿ

ಮನೆ ಸಿಕ್ಕರೆ ಅರ್ಧ ಚಿತ್ರ ಸಿಕ್ಕಂತೆ. ತೊಟ್ಟಿ ಮನೆ, ಜಗುಲಿ, ನಡುಮನೆ, ಮರದ ಕಂಬ, ಕಿರಿದಾದ ಏಣಿ ಹತ್ತಿ ಹೋಗುವ ಮೆತ್ತು, ಅಂದರೆ ಮೇಲಿನ ಅಂತಸ್ತು. ಹೆಂಚು ಇದ್ದರೆ ಚಿಂತೆ ಬೇಡ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ, 1963ಕ್ಕೆ ಅದು ಧಾರಾಳವಾಗಿ ಒಗ್ಗುತ್ತದೆ. ಸಿಮೆಂಟ್ ಶೀಟ್, ಗ್ರಾನೈಟ್ ನೆಲ ಮಾತ್ರ ಬೇಡ. ಯಾವ ಸಮುದಾಯದ ಮನೆ ಅನ್ನೋದನ್ನೂ ಮೊದಲೇ ತೀರ್ಮಾನಿಸಿ. ಚೆನ್ನಾಗಿ ಕಾಣುತ್ತದೆ ಅಂತ ದೀವರ ಸಮುದಾಯದವರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಬೇರೆಯವರ ಗೋಡೆ ಮೇಲೆ ಬರೆಸಿದರೆ ಆ ಕಡೆಯವರು ಮೊದಲ ನಿಮಿಷದಲ್ಲೇ ಚಿತ್ರದಿಂದ ಹೊರಗೆ ಬರುತ್ತಾರೆ.

ಒಪ್ಪಿಗೆಯನ್ನು ಕಾಗದದ ಮೇಲೆ ತಗೊಳ್ಳಿ: ಯಾವ ದಿನ, ಎಷ್ಟು ಗಂಟೆವರೆಗೆ, ಯಾವ ಕೋಣೆ, ಏನಾದರೂ ಒಡೆದರೆ ಯಾರು ಹೊಣೆ. ದೇವರ ಮನೆಗೆ, ಅಡುಗೆ ಮನೆಗೆ ಕೇಳದೆ ಕಾಲಿಡಬೇಡಿ. ಗ್ರಾಮ ಪಂಚಾಯಿತಿಗೂ ಹತ್ತಿರದ ಪೊಲೀಸ್ ಠಾಣೆಗೂ ಒಂದೊಂದು ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಯಾರೋ ಕಿರುಚಿದರೆ ಊರಿನವರು ಓಡಿ ಬರುತ್ತಾರೆ, ಬರಲೇಬೇಕು. ಅದಕ್ಕೇ ಅಕ್ಕಪಕ್ಕದ ಮನೆಗಳಿಗೆ ಸಂಜೆಯೇ ಹೋಗಿ ಹೇಳಿ ಬನ್ನಿ.

ಮೀಸಲು ಅರಣ್ಯದೊಳಗೆ ಶೂಟಿಂಗ್‌ಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದರ ಗೋಜಿಗೇ ಹೋಗದೆ ಮನೆ ಹಿಂದಿನ ಅಡಿಕೆ ತೋಟವನ್ನೇ ಕಾಡು ಮಾಡಿಕೊಂಡೆವು. ಮಕ್ಕಳನ್ನು ನಟನೆಗೆ ಬಳಸುವುದಾದರೆ 2017ರ ನಿಯಮದ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಪ್ರಾಣಿ ತೋರಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ. ಕಥೆಯಲ್ಲಿ ಹಸು ಬೇಕಿದ್ದರೆ ಕೊಟ್ಟಿಗೆಯಿಂದ ಗಂಟೆ ಸದ್ದು ಮಾತ್ರ ಕೇಳಿಸಿ, ಸಾಕು.

4. ತಿಂಗಳು ಆರಿಸೋದು

ಜೂನ್‌ನಿಂದ ಸೆಪ್ಟೆಂಬರ್ ಮಲೆನಾಡಿನಲ್ಲಿ ನೋಡೋಕೆ ಚೆಂದ. ಆದರೆ ಹೆಂಚಿನ ಮೇಲೆ ಮಳೆ ಬಿದ್ದರೆ ಒಂದು ಮಾತೂ ರೆಕಾರ್ಡ್ ಆಗುವುದಿಲ್ಲ, ಲೆನ್ಸ್ ಒಳಗೆ ಬೂಸ್ಟು ಹಿಡಿಯುತ್ತದೆ, ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತದೆ. ಡಿಸೆಂಬರ್‌ನಿಂದ ಮೇ ವರೆಗೆ ಶಿವಮೊಗ್ಗ ಕಡೆ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಉಣುಗು (ಉಣ್ಣೆ ಹುಳು) ಕಚ್ಚಿದರೆ ಬರುತ್ತದೆ. ಆ ತಿಂಗಳುಗಳಲ್ಲಿ ಬೆಂಗಳೂರಿನ ಸ್ನೇಹಿತರನ್ನು ತರಗೆಲೆ ಮೇಲೆ ಮಲಗಿಸಿ ಶಾಟ್ ತೆಗೆಯಬೇಡಿ. ಹೋಗಲೇಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಹತ್ತಿರ ಬರದಂತೆ ಅವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಪೂರ್ತಿ ಮೈ ಮುಚ್ಚುವ ಬಟ್ಟೆ ಹಾಕಿ.

ನನ್ನ ಲೆಕ್ಕದಲ್ಲಿ ದೀಪಾವಳಿ ಮುಗಿದ ಮೇಲಿನ ಎರಡು ಮೂರು ವಾರ ಸರಿಯಾದ ಸಮಯ. ಮಳೆ ನಿಂತಿರುತ್ತದೆ, ಹಸಿರು ಹೋಗಿರುವುದಿಲ್ಲ, ಬೆಳಿಗ್ಗೆ ಮಂಜು. ಅಡಿಕೆ ಗೊನೆಯ ಕೊಯ್ಲು ಶುರುವಾಗಿದ್ದರೆ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯಿಂದ ದಟ್ಟ ಹಬೆ ಏಳುತ್ತಿರುತ್ತದೆ. ಬಾಡಿಗೆಗೆ ಸಿಗುವ ಹೊಗೆ ಯಂತ್ರ ಅದರ ಮುಂದೆ ಏನೂ ಅಲ್ಲ. ಆದರೆ ಅದೇ ಹೊತ್ತಿನಲ್ಲಿ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿರಲ್ಲ. ಕೊಯ್ಲಿನ ದಿನ ಯಾವುದು ಅಂತ ಕೇಳಿ, ಅದನ್ನು ಬಿಟ್ಟು ದಿನ ಗೊತ್ತು ಮಾಡಿ.

5. ದುಡ್ಡಿಲ್ಲದೆ ಬಂದವರನ್ನು ನೋಡಿಕೊಳ್ಳೋದು

ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಊಟಕ್ಕೆ, ಬಸ್ಸಿಗೆ ಹೋಯಿತು. ಅದು ಹಾಗೇ ಇರಬೇಕು. ಸಂಬಳ ಇಲ್ಲದೆ ಬಂದವರು ನಿಮಗೆ ಕೊಡುತ್ತಿರುವುದು ತಮ್ಮ ರಾತ್ರಿಗಳನ್ನು. 8:30ಕ್ಕೆ ಬಿಸಿ ಊಟ, 11ಕ್ಕೆ ಕಷಾಯ, ಅವಲಕ್ಕಿ. 1 ಗಂಟೆಗೆ ಪ್ಯಾಕಪ್ ಅಂದರೆ 1 ಗಂಟೆ. ಎರಡನೇ ರಾತ್ರಿ ಇನ್ನೊಂದು ಶಾಟ್ ಬಾಕಿ ಇರುವಾಗಲೇ 1 ಗಂಟೆ ಆಯಿತು. ನಿಲ್ಲಿಸಿದೆವು. ಮೂರನೇ ರಾತ್ರಿ ಎಲ್ಲರೂ ಐದೂವರೆಗೇ ಬಂದು ನಿಂತಿದ್ದರು.

ಒಬ್ಬೊಬ್ಬರಿಗೂ ಒಂದು ಪುಟದ ಪತ್ರ ಕೊಡಿ. ಯಾವ ಕೆಲಸ, ದಾರಿ ಖರ್ಚು ಎಷ್ಟು, ಹೆಸರು ಚಿತ್ರದಲ್ಲಿ ಹೇಗೆ ಬರುತ್ತದೆ, ಬಹುಮಾನ ಬಂದರೆ ಹೇಗೆ ಹಂಚಿಕೆ. ಸ್ನೇಹದಲ್ಲಿ ಇದೆಲ್ಲ ಯಾಕೆ ಅನ್ನಿಸಬಹುದು. ಸ್ನೇಹ ಉಳಿಯಬೇಕು ಅಂದರೇ ಇದು ಬೇಕು.

ನಟರಿಗೆ ಹತ್ತಿರದ ಹವ್ಯಾಸಿ ನಾಟಕ ತಂಡಗಳನ್ನು ಕೇಳಿ. 1949ರಿಂದ ಹೆಗ್ಗೋಡಿನಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಇರುವುದರಿಂದ ಸಾಗರದ ಸುತ್ತಮುತ್ತ ಹಗಲು ತೋಟದ ಕೆಲಸ, ಸಂಜೆ ನಾಟಕ ಅನ್ನುವ ಜನ ಸಿಗುತ್ತಾರೆ. ಒಂದೇ ಎಚ್ಚರಿಕೆ: ರಂಗದ ಧ್ವನಿ, ರಂಗದ ಕಣ್ಣು ಕ್ಯಾಮೆರಾಕ್ಕೆ ಜಾಸ್ತಿ ಆಗುತ್ತದೆ. ಮೊಬೈಲ್‌ನಲ್ಲಿ ಒಂದು ದೃಶ್ಯ ಶೂಟ್ ಮಾಡಿ ಅವರಿಗೇ ತೋರಿಸಿ. ಬಾಯಲ್ಲಿ ಹೇಳೋದಕ್ಕಿಂತ ಅದು ಬೇಗ ಅರ್ಥ ಆಗುತ್ತದೆ.

6. 1963ರಲ್ಲಿ ಇಲ್ಲದ್ದನ್ನು ಹೊರಗೆ ಹಾಕಿ

ಶೂಟಿಂಗ್‌ಗೆ ಒಂದು ವಾರ ಮೊದಲು, ಕ್ಯಾಮೆರಾ ಎಲ್ಲಿ ಇಡುತ್ತೀರೋ ಅಲ್ಲಿ ನಿಂತು ಫೋಟೋ ತೆಗೆಯಿರಿ. ಮನೆಗೆ ಬಂದು ದೊಡ್ಡದು ಮಾಡಿ ನೋಡಿ. ಸ್ವಿಚ್ ಬೋರ್ಡ್, ಮೀಟರ್ ಪೆಟ್ಟಿಗೆ, ವೈರು, ಪ್ಲಾಸ್ಟಿಕ್ ಕೊಡ, ಸ್ಟೀಲ್ ಲೋಟ, ಡಿಶ್ ಆಂಟೆನಾ ಎಲ್ಲ ಆಗ ಕಾಣುತ್ತವೆ. ಮೀಟರ್ ಪೆಟ್ಟಿಗೆ ಮೇಲೆ ಕಂಬಳಿ ನೇತು ಹಾಕಿ, ಸ್ವಿಚ್ ಬೋರ್ಡ್ ಮುಂದೆ ಮೊರ ಇಡಿ. ಗೋಡೆಗೆ ಟೇಪ್ ಅಂಟಿಸಬೇಡಿ. ನಾನು ಅಂಟಿಸಿದ್ದೆ. ಕೀಳುವಾಗ ಹಳೇ ಸುಣ್ಣದ ಪದರವೇ ಅಂಗೈ ಅಗಲ ಎದ್ದು ಬಂತು. ಮಾರನೇ ದಿನ ಸುಣ್ಣ ತಂದು ಹಚ್ಚಿಕೊಟ್ಟರೂ ಆ ಜಾಗ ಬೇರೆಯಾಗಿಯೇ ಕಂಡಿತು.

ದುಡ್ಡು ಕೈಯಲ್ಲಿ ಹಿಡಿಯುವ ಶಾಟ್ ಇದ್ದರೆ ನಾಣ್ಯ ಸರಿ ಇರಲಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. 1964ರವರೆಗೆ ಅದಕ್ಕೆ 'ನಯಾ ಪೈಸೆ' ಅನ್ನುತ್ತಿದ್ದರು. ಕಡತದ ಮೇಲೆ 'ಕರ್ನಾಟಕ ಸರ್ಕಾರ' ಅಂತ ಬರೆಯಬೇಡಿ. ಆಗ ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ವಿಳಾಸದಲ್ಲಿ ಪಿನ್ ಕೋಡ್ ಬೇಡ, ಅದು 1972ರದು. ಗುಮಾಸ್ತನ ಕೈಯಲ್ಲಿ ಶಾಯಿ ಪೆನ್ನು ಇರಲಿ.

ಬಟ್ಟೆಯಲ್ಲಿ ಮೋಸ ಹೋಗೋದು ಬಿಳಿ ಬಣ್ಣದಲ್ಲಿ. ಈಗಿನ ಬಿಳಿ ಪಂಚೆ ಕ್ಯಾಮೆರಾದಲ್ಲಿ ನೀಲಿ ಹೊಡೆಯುತ್ತದೆ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದರೆ ಸರಿಹೋಗುತ್ತದೆ. ಅಡಿಕೆ ಬೇಯಿಸಿದ ಚೊಗರು ಸಿಕ್ಕರೆ ಇನ್ನೂ ಚೆನ್ನ, ನೀರು ಬೆರೆಸಿ ಅದ್ದಿ ತೆಗೆದರೆ ಮಣ್ಣು ಹತ್ತಿದಂಥ ಕಂದು ಬರುತ್ತದೆ. ಆದರೆ ಆ ಕಲೆ ಹೋಗುವುದಿಲ್ಲ. ಯಾರದ್ದೋ ಮನೆಯಿಂದ ಕೇಳಿ ತಂದ ಬಟ್ಟೆಗೆ ಮುಟ್ಟಿಸಬೇಡಿ.

ಮುಖವೂ ಕಾಲ ಹೇಳುತ್ತದೆ. ಹುಬ್ಬಿಗೆ ಥ್ರೆಡಿಂಗ್ ಮಾಡಿಸಬೇಡಿ ಅಂತ ಒಂದು ತಿಂಗಳು ಮೊದಲೇ ಹೇಳಿ. ಗಂಡಸರು ಕಿವಿ ಪಕ್ಕ ಮೆಷಿನ್ ಓಡಿಸದಿರಲಿ. ಮಾತಿನಲ್ಲಿ 'ಸರ್' ಬದಲು 'ಸ್ವಾಮಿ', 'ರಾಯರೇ' ಬರಲಿ.

7. ಲಾಟೀನು ಹಿಡಿಯೋದು

ಮೊದಲ ರಾತ್ರಿಯ ಎರಡನೇ ಶಾಟ್. ಗುಮಾಸ್ತ ಲಾಟೀನು ಹಿಡಿದು ಜಗುಲಿ ದಾಟಬೇಕು. ನಮ್ಮ ನಟ ಅದನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನಡೆದ. ಮುಖ ಚೆನ್ನಾಗಿ ಕಾಣುತ್ತಿತ್ತು, ಎಲ್ಲರಿಗೂ ಇಷ್ಟ ಆಯಿತು. ಮನೆಯ ಹಿರಿಯ ಅಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದರು. "ತಮ್ಮಾ, ಹಾಗೆ ಹಿಡಿದ್ರೆ ನಿಂಗೆ ದಾರಿ ಕಾಣತ್ತಾ?" ಅಂದರು. ಎದ್ದು ಬಂದು ಲಾಟೀನು ಕೈಗೆ ತಗೊಂಡು, ಮೊಣಕಾಲಿನ ಹತ್ತಿರ ಇಳಿಬಿಟ್ಟು, ಸ್ವಲ್ಪ ಪಕ್ಕಕ್ಕೆ ಹಿಡಿದು ನಡೆದು ತೋರಿಸಿದರು. ಕಣ್ಣಿಗೆ ಬೆಳಕು ಹೊಡೆಯುತ್ತಿರಲಿಲ್ಲ. ನೆಲ ಕಾಣುತ್ತಿತ್ತು. ಅವರ ಕಾಲಿನ ನೆರಳು ಗೋಡೆ ಮೇಲೆ ಮಾಡಿನವರೆಗೆ ಎದ್ದು, ಕತ್ತರಿಯ ಹಾಗೆ ಆಡುತ್ತಿತ್ತು. ಮುಖ ಪೂರ್ತಿ ಕತ್ತಲೆ.

ನಮ್ಮ ಚಿತ್ರದಲ್ಲಿ ಜನ ಈಗಲೂ ನೆನಪಿಟ್ಟುಕೊಂಡಿರುವ ಶಾಟ್ ಅದೇ. ಹಳೇ ವಸ್ತು ಸಿಕ್ಕರೆ ಸಾಲದು, ಅದನ್ನು ಬಳಸಿ ಬದುಕಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನು ಕ್ಯಾಮೆರಾ. ಸಾಧಾರಣ ಮಿರರ್‌ಲೆಸ್ ಕ್ಯಾಮೆರಾ, ಎಫ್ 1.8 ತೆರೆಯುವ 50 ಎಂಎಂ ಲೆನ್ಸ್ ಸಾಕು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಬಲ್ಬ್ ಮಿನುಗುವ ತೊಂದರೆ ಕಡಿಮೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನೋದು, 3200ರ ಆಸುಪಾಸು. ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಅಂತ ಕ್ಯಾಮೆರಾಕ್ಕೆ ಹೇಳೋದು, ಅದನ್ನು ಆಟೋದಲ್ಲಿ ಬಿಡಬೇಡಿ, ಅದು ದೀಪದ ಕೆಂಪನ್ನೆಲ್ಲ ತೊಳೆದು ಹಾಕುತ್ತದೆ. 3200 ಕೆಲ್ವಿನ್‌ಗೆ ನಿಲ್ಲಿಸಿ.

ನಿಜವಾದ ಲಾಟೀನೊಂದರಿಂದಲೇ ಮುಖ ಬೆಳಗುವಷ್ಟು ಬೆಳಕು ಸಿಗುವುದಿಲ್ಲ. ಲಾಟೀನಿನ ಬುಡದ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಪವರ್ ಬ್ಯಾಂಕಿನಿಂದ ಉರಿಯುವ ಸಣ್ಣ ಎಲ್‌ಇಡಿ ಕಟ್ಟಿ, ಅದಕ್ಕೆ ಕಿತ್ತಳೆ ಬಣ್ಣದ ಜಿಲೆಟಿನ್ ಕಾಗದ ಸುತ್ತಿ. ಫ್ರೇಮಿನ ಆಚೆ ಇನ್ನೆರಡು ಮೂರು ಎಣ್ಣೆ ದೀಪ ಹಚ್ಚಿ. ಎದುರು ಗೋಡೆಗೆ ಹಳೇ ಬಿಳಿ ಬೆಡ್‌ಶೀಟ್ ಕಟ್ಟಿದರೆ ಅಷ್ಟೇ ಬೆಳಕು ಮೆತ್ತಗೆ ಹಿಂದಿರುಗಿ ಬರುತ್ತದೆ. ಲಾಟೀನಿನ ಗಾಜು ಪ್ರತಿ ಗಂಟೆಗೆ ಒರೆಸಿ, ಮಸಿ ಹಿಡಿದರೆ ಬೆಳಕು ಅರ್ಧ ಆಗುತ್ತದೆ.

ಹೊರಗಿನ ರಾತ್ರಿ ದೃಶ್ಯವನ್ನು ರಾತ್ರಿ ತೆಗೆಯಬೇಡಿ. ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿ ಇರುವ ಇಪ್ಪತ್ತು ನಿಮಿಷ ಇದೆಯಲ್ಲ, ಅದು ನಿಮ್ಮದು. ಅದೇ 3200 ಕೆಲ್ವಿನ್‌ನಲ್ಲಿ ತೋಟ ಕಡು ನೀಲಿಯಾಗಿ, ಜಗುಲಿಯ ದೀಪ ಮಾತ್ರ ಕೆಂಪಗೆ ಕಾಣುತ್ತದೆ. ಆ ಶಾಟ್‌ಗಳನ್ನು ನಾಲ್ಕು ಗಂಟೆಗೇ ರಿಹರ್ಸಲ್ ಮಾಡಿ ಇಟ್ಟುಕೊಳ್ಳಿ. ಬೆಳಕು ಯಾರಿಗೂ ಕಾಯುವುದಿಲ್ಲ.

8. ರಕ್ತ ಬೇಕೇ?

ಬೇಕಾದರೆ ಜೋನಿ ಬೆಲ್ಲ, ಕೆಂಪು ಫುಡ್ ಕಲರ್, ಚಿಟಿಕೆ ಕಾಫಿ ಪುಡಿ. ಬಣ್ಣ, ಅಂಟು ಎರಡೂ ಸರಿಯಾಗಿರುತ್ತದೆ. ಹತ್ತು ನಿಮಿಷದಲ್ಲಿ ಇರುವೆ ಬರುತ್ತದೆ, ಅದಕ್ಕೇ ಶಾಟ್‌ಗೆ ಮುಂಚೆ ಮಾತ್ರ ಹಚ್ಚಿ.

ನಾವು ರಕ್ತವನ್ನೇ ಬಿಟ್ಟೆವು. ಬದಲಿಗೆ ಓಕುಳಿ ಬಳಸಿದೆವು. ಮನೆಗೆ ಬಂದವನಿಗೆ ಅಜ್ಜಿ ಆರತಿಗೆ ನೀರು ಕಲಸುತ್ತಾಳೆ. ತಟ್ಟೆಯಲ್ಲಿ ಅರಿಶಿನದ ಹಳದಿ ನೀರು. ಬೆರಳ ತುದಿಯಿಂದ ಒಂದು ಚೂರು ಸುಣ್ಣ ಬಿಡುತ್ತಾಳೆ. ಬೆರಳು ತಾಗಿದ ಜಾಗದಿಂದ ಕೆಂಪು ಎಳೆಯೆಳೆಯಾಗಿ ಹರಡಿ, ನೋಡ್ತಾ ನೋಡ್ತಾ ಇಡೀ ತಟ್ಟೆ ಕೆಂಪಾಗುತ್ತದೆ. ಎಡಿಟಿಂಗ್ ಇಲ್ಲ, ಒಂದೇ ಶಾಟ್. ಅರಿಶಿನದ ಬಣ್ಣ ಕ್ಷಾರ ಸೇರಿದರೆ ಕೆಂಪಾಗುತ್ತದೆ, ನಿಂಬೆ ರಸ ಬಿದ್ದರೆ ಮತ್ತೆ ಹಳದಿ. ಪ್ರತಿ ಮನೆಯಲ್ಲೂ ಕಂಡ ವಿಷಯವೇ, ಆದರೆ ಆ ಮೌನದಲ್ಲಿ ನೋಡಿದವರ ಮೈ ಜುಮ್ಮೆಂದಿತು. ಇದನ್ನು ಸಂಜೆ ಕಿಟಕಿಯ ಬೆಳಕಲ್ಲಿ ತೆಗೆಯಿರಿ. ದೀಪದ ಬೆಳಕಲ್ಲಿ ಹಳದಿ ಕಾಣುವುದಿಲ್ಲ, ಆಗ ಬಣ್ಣ ಬದಲಾದದ್ದು ಗೊತ್ತೇ ಆಗುವುದಿಲ್ಲ. ಸುಣ್ಣದ ಕೈ ಕಣ್ಣಿಗೆ ತಾಗದಿರಲಿ.

ಬೆಂಕಿ ವಿಷಯದಲ್ಲಿ ರಾಜಿ ಬೇಡ. ಮರದ ಮನೆ, ಒಣಗಿದ ಸೋಗೆ, ಎಣ್ಣೆ ದೀಪ. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ಒದ್ದೆ ಗೋಣಿಚೀಲ ಪ್ರತಿ ಕೋಣೆಯ ಬಾಗಿಲಲ್ಲಿ ಇರಲಿ. ದೀಪ ನೋಡಿಕೊಳ್ಳೋದೇ ಒಬ್ಬರ ಕೆಲಸ ಆಗಬೇಕು, ಅವರಿಗೆ ಬೇರೆ ಕೆಲಸ ಹೇಳಬೇಡಿ. ಲೋಬಾನದ ಹೊಗೆ ಹಾಕುವ ಮುಂಚೆ ಯಾರಿಗಾದರೂ ಉಬ್ಬಸ ಇದೆಯಾ ಕೇಳಿ. ಶಾಟ್ ಮುಗಿದ ತಕ್ಷಣ ಕಿಟಕಿ ತೆಗೆಯಿರಿ.

9. ಶಬ್ದಕ್ಕೆ ಒಂದು ಹಗಲು ಪೂರ್ತಿ ಇಡಿ

ಚಿತ್ರ ಸ್ವಲ್ಪ ಮಂದವಾಗಿದ್ದರೆ ಜನ ಸಹಿಸುತ್ತಾರೆ, ಶಬ್ದ ಕೆಟ್ಟರೆ ಎದ್ದು ಹೋಗುತ್ತಾರೆ. ಜೀರುಂಡೆ ಕೂಗು ಒಂದು ಟೇಕ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇರದಿದ್ದರೆ ಕಟ್ ಮಾಡಿದ ಜಾಗ ಕಿವಿಗೆ ಹೊಡೆಯುತ್ತದೆ. ಅದಕ್ಕೇ ಪ್ರತಿ ಕೋಣೆಯಲ್ಲಿ, ಎಲ್ಲರೂ ಮಾತು ನಿಲ್ಲಿಸಿ ಎರಡು ನಿಮಿಷ ಬರೀ ಮೌನ ರೆಕಾರ್ಡ್ ಮಾಡಿ. ಫ್ರಿಜ್ ಆಫ್ ಮಾಡಿದರೆ ಮತ್ತೆ ಆನ್ ಮಾಡೋದು ಮರೆಯದಿರಲು ನಿಮ್ಮ ಗಾಡಿ ಕೀಲಿಯನ್ನು ಅದರೊಳಗೇ ಇಡಿ.

ನಮ್ಮ 'ನೆಲದಡಿಯ ನೀರು' ಬಚ್ಚಲಿನ ತಾಮ್ರದ ಹಂಡೆಯಲ್ಲಿ ಹುಟ್ಟಿತು. ಹಂಡೆಗೆ ಬಹಳ ನಿಧಾನವಾಗಿ ನೀರು ತುಂಬಿಸುತ್ತಾ ಹೊರಗಿನಿಂದ ಮೈಕ್ ಹಿಡಿದೆವು. ತುಂಬುತ್ತಾ ಹೋದ ಹಾಗೆ ಸದ್ದಿನ ಸ್ಥಾಯಿ ಏರುತ್ತದೆ. ಅದೇ ಇಡೀ ಚಿತ್ರದ ಸಂಗೀತ ಆಯಿತು. ಆ ಕಾಲದ ಸಿನಿಮಾ ಹಾಡು ರೇಡಿಯೋದಲ್ಲಿ ಕೇಳಿಸುವ ಆಸೆ ಇದ್ದರೆ ಬಿಡಿ, ಹಕ್ಕು ಕೊಳ್ಳೋದು ನಮ್ಮಿಂದ ಆಗದ ಮಾತು. ಊರಿನ ಹೆಂಗಸರು ಹಾಡುವ ಜೋಗುಳವನ್ನು, ಕೇಳಿ, ಒಪ್ಪಿಗೆ ಪಡೆದು, ಹೆಸರು ಹಾಕಿ ಬಳಸಿ.

ಪ್ರತಿ ರಾತ್ರಿ ಮಲಗುವ ಮುಂಚೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ. ಎರಡೂ ಒಂದೇ ಬ್ಯಾಗಿನಲ್ಲಿ ಇರಬಾರದು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು.

10. ಮೊದಲ ಪ್ರದರ್ಶನ ಆ ಮನೆಯಲ್ಲೇ

ಉತ್ಸವಗಳಿಗೆ ಕಳಿಸೋದಕ್ಕೆ ಮುಂಚೆ, ಬಣ್ಣ ತಿದ್ದುವ ಕೆಲಸ ಪೂರ್ತಿ ಮುಗಿಯದಿದ್ದರೂ ಪರವಾಗಿಲ್ಲ, ಆ ಮನೆಯ ಅಂಗಳದಲ್ಲಿ ಬೆಡ್‌ಶೀಟ್ ಕಟ್ಟಿ ಒಮ್ಮೆ ತೋರಿಸಿ. ನೀವು ಪರದೆ ನೋಡಬೇಡಿ. ಪಕ್ಕದಲ್ಲಿ ನಿಂತು ಜನರ ಮುಖ ನೋಡಿ, ಯಾವ ನಿಮಿಷದಲ್ಲಿ ಯಾರು ಅಲುಗಾಡಿದರು ಅಂತ ಬರೆದುಕೊಳ್ಳಿ.

ನಮ್ಮಲ್ಲಿ ಓಕುಳಿ ಹೊತ್ತಿಗೆ ಅಂಗಳ ಗಪ್‌ಚಿಪ್ ಆಗಿತ್ತು. ಅದಾದ ಮೇಲೆ ಅಜ್ಜಿ ಮೆತ್ತಿನ ಏಣಿ ಹತ್ತುವ ಶಾಟ್‌ನಲ್ಲಿ ಮುಂದೆ ಕೂತಿದ್ದ ಮಕ್ಕಳು ತಿರುಗಿ ಸ್ಪೀಕರ್ ನೋಡಿದರು. ನೀರಿನ ಸದ್ದು ಬೇಗ ಬಂದು, ಬಹಳ ಹೊತ್ತು ಉಳಿದಿತ್ತು. ಹಿರಿಯ ಅಮ್ಮನೂ ಅದನ್ನೇ ಹೇಳಿದರು, "ನೀರು ಅಷ್ಟು ಜೋರು ಬರ್ಲಿಲ್ಲ ತಮ್ಮಾ, ಗೊತ್ತೇ ಆಗ್ದ ಹಾಗೆ ಬಂತು." ವಾಪಸ್ ಬಂದು ಆ ಶಾಟ್‌ನಿಂದ ಎಂಟು ಸೆಕೆಂಡ್ ತೆಗೆದೆವು. ಸದ್ದನ್ನು ಅರ್ಧಕ್ಕೆ ಇಳಿಸಿದೆವು.